ಪರವಾಗಿಲ್ಲ ಎಂಬ ಮಾತಿನ ತೂಕ

ಚಿನ್ನವನ್ನು ಗುಲಗಂಜಿಯಿಂದ ತೂಗಿದ ಜನ ನಾವು. ಬಟ್ಟೆಗೆ ಮೊಳ, ಬತ್ತಕ್ಕೆ ಸೇರು ಮತ್ತು ಕೊಳಗ, ದಾರಿಗೆ ಹರದಾರಿ ಎಂದು ಒಂದೊಂದಕ್ಕೂ ಒಂದೊಂದು ಅಳತೆಯನ್ನು ಹಿರಿಯರು ಕಟ್ಟಿಟ್ಟಿದ್ದರು. ಆದರೆ ವಸ್ತುವಿನ ಮೊತ್ತವನ್ನು ಬಿಟ್ಟು ಅದರ ಗುಣವನ್ನು ಅಳೆಯಬೇಕಾಗಿ ಬಂದಾಗ ನಾವು ಕೈಹಾಕುವುದು ತಕ್ಕಡಿಗಲ್ಲ, ಮಾತಿಗೆ. ಹೆಣ್ಣು ನೋಡಿ ಬಂದವರನ್ನು ಮನೆಯವರು "ಹೇಗಿದೆ ಸಂಬಂಧ?" ಎಂದು ಕೇಳಿದರೆ "ಅಡ್ಡಿಯಿಲ್ಲ" ಎನ್ನುತ್ತಾರೆ. ಹೊಸ ಮೇಷ್ಟರ ಪಾಠ "ಪರವಾಗಿಲ್ಲ." ನಿನ್ನೆಯ ನಾಟಕ "ಏನೋ ಒಂದು ತರಹ." ಇವುಗಳಲ್ಲಿ ಯಾವುದಕ್ಕೂ ಗೆರೆ ಕೊರೆದ ಅಂಚಿಲ್ಲ. ಆದರೂ ಈ ಮಾತುಗಳ ಮೇಲೆಯೇ ಮದುವೆಗಳು ನಿಲ್ಲುತ್ತವೆ, ನೌಕರಿಗಳು ಸಿಗುತ್ತವೆ, ಬಹುಮಾನಗಳು ಹಂಚಿಹೋಗುತ್ತವೆ.

ಇಂಥ ಮಾತುಗಳಲ್ಲಿ "ಸುಮಾರು" ಎಂಬುದು ವಿಚಿತ್ರವಾದದ್ದು. "ಸುಮಾರು ಹತ್ತು ಮೈಲಿ" ಎಂದರೆ ಅಂದಾಜು ಎಂದರ್ಥ. "ಅಡಿಗೆ ಸುಮಾರು" ಎಂದರೆ ಅಡಿಗೆ ಅಷ್ಟಕ್ಕಷ್ಟೆ ಎಂದರ್ಥ. ಅಂದಾಜಿನದೆಲ್ಲ ಕಳಪೆಯೇ ಎಂಬ ಒಂದು ಗುಮಾನಿಯನ್ನು ನಮ್ಮ ಭಾಷೆ ತನಗರಿಯದೆಯೇ ಈ ಪದದೊಳಗೆ ಇಟ್ಟುಕೊಂಡಂತಿದೆ. ಈ ಗುಮಾನಿ ನ್ಯಾಯವಾದದ್ದೆ? ಹಲವರು ಕೂಡಿ, ಒಬ್ಬೊಬ್ಬರೂ ಇಂಥದೊಂದು ಮಸುಕು ಮಾತನ್ನು ಹೇಳಿ, ಆ ಮಾತುಗಳಿಂದ ಒಂದನ್ನು ಮೊದಲು, ಇನ್ನೊಂದನ್ನು ಕೊನೆ ಎಂದು ನಿಲ್ಲಿಸಬೇಕಾದಾಗ ಅವರ ಧರ್ಮವೇನು? ಇದು ತರ್ಕಶಾಸ್ತ್ರದ ಚಮತ್ಕಾರದಂತೆ ಕಂಡರೂ ಬಹುಜನರ ಅನ್ನಕ್ಕೆ ತಗುಲಿದ ಪ್ರಶ್ನೆ. ಅದನ್ನು ವಿಚಾರಿಸುವುದಕ್ಕೆ ನಮ್ಮ ಕಾಫಿಯ ಬೆಟ್ಟಗಳಿಗಿಂತ ತಕ್ಕ ಸ್ಥಳವಿಲ್ಲ.

ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು. ಯೆಮನ್ ದೇಶದಿಂದ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಗಿರಿಯ ಮೇಲೆ ಬಿತ್ತಿದರೆಂಬುದು ಎಲ್ಲರೂ ಕೇಳಿದ ಐತಿಹ್ಯ. ಇಂದು ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕಳಸಕ್ಕೆ ಹೋಗುವವನಿಗೆ ದಾರಿಯ ಎರಡೂ ಬದಿ ತೋಟವೇ. ಗಿರಿಯ ಎತ್ತರದಲ್ಲಿ ಅರೇಬಿಕ. ತಗ್ಗಿನ ಕಡೆ ಇಳಿದಂತೆ ರೋಬಸ್ಟ, ಅಡಿಕೆ, ಮೆಣಸಿನ ಬಳ್ಳಿ. ೨೦೧೯ರಲ್ಲಿ ಚಿಕ್ಕಮಗಳೂರು ಅರೇಬಿಕ, ಬಾಬಾಬುಡನ್‌ಗಿರಿ ಅರೇಬಿಕ ಎಂದು ಎರಡು ಬೇರೆ ಬೇರೆ ಹೆಸರುಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನಕ್ಷೆಯ ಮೇಲೆ ಗೆರೆ ಎಳೆಯುವುದು ಕಾನೂನಿಗೆ ಕಷ್ಟವಲ್ಲ. ನಾಲಿಗೆಯ ಮೇಲೆ ಗೆರೆ ಎಳೆಯುವುದು ಮಾತ್ರ ಬೇರೆ ಸಂಗತಿ.

ರುಚಿ ಪರೀಕ್ಷೆಯ ಮೇಜನ್ನು ನೋಡಿದವರಿಗೆ ಇದು ತಿಳಿದಿರುತ್ತದೆ. ಅಲ್ಲಿ ನಾಲಿಗೆಯವರೆಗೆ ಎಲ್ಲವೂ ಅಂಕಿಯೇ. ೧೫೦ ಮಿಲಿಲೀಟರ್ ನೀರಿಗೆ ೮.೨೫ ಗ್ರಾಂ ಪುಡಿ. ನೀರಿನ ಶಾಖ ೯೩ ಡಿಗ್ರಿ. ಒಂದೊಂದು ಮಾದರಿಗೂ ಐದೈದು ಬಟ್ಟಲು. ನಾಲ್ಕು ನಿಮಿಷ ತಡೆದು, ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು, ಏಳುವ ಪರಿಮಳವನ್ನು ಮೂಗಿಗೆ ತಂದುಕೊಂಡು, ಸ್ವಲ್ಪ ಆರಿದ ಮೇಲೆ ಸೊರ್ರೆಂದು ಹೀರಿ, ಬಾಯೊಳಗೆಲ್ಲ ಹರಡಿ, ಉಗುಳುತ್ತಾರೆ. ಇಷ್ಟೆಲ್ಲ ಕಟ್ಟುನಿಟ್ಟಾದ ಮೇಲೆ ಪರೀಕ್ಷಕ ಬಾಯಿ ತೆರೆದು ಹೇಳುವುದೇನು? "ಹುಳಿ ಹಿತವಾಗಿದೆ." "ಮೈ ಸ್ವಲ್ಪ ತೆಳು." "ಚೆನ್ನಾಗಿದೆ." ಗಡಿಯಾರ, ತಕ್ಕಡಿ, ಉಷ್ಣಮಾಪಕಗಳೆಲ್ಲ ಬಾಗಿಲವರೆಗೆ ಬಂದು ಅಲ್ಲೇ ನಿಲ್ಲುತ್ತವೆ; ಒಳಗೆ ಹೋಗುವುದು ಮಾತೊಂದೇ.

ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, ೧೯೨೫ರಲ್ಲಿ, ಬಾಳೆಹೊನ್ನೂರಿನ ಬಳಿ ಪ್ರಾರಂಭವಾದ ಸಂಶೋಧನ ಕೇಂದ್ರದಿಂದ ಎಸ್. ೭೯೫ ಮೊದಲಾದ ಅನೇಕ ತಳಿಗಳು ಹೊರಬಿದ್ದಿವೆ. ತಳಿಗಳ ವಿವರದಲ್ಲಿ ಗಿಡದ ಎತ್ತರ, ಇಳುವರಿ, ರೋಗನಿರೋಧ ಇವುಗಳ ಜೊತೆಗೆ ಬಟ್ಟಲಿನ ಗುಣವನ್ನೂ ಬರೆಯುತ್ತಾರೆ. ಅದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಮಾತು "ಎಫ್.ಎ.ಕ್ಯೂ.", ಎಂದರೆ "ಫೇರ್ ಆವರೇಜ್ ಕ್ವಾಲಿಟಿ." ನಮ್ಮ ಮಾತಿನಲ್ಲಿ ಹೇಳುವುದಾದರೆ "ಪರವಾಗಿಲ್ಲ." ಅದರ ಮೇಲಿನದು "ಗುಡ್." ಇವೆರಡರ ನಡುವೆ ಬಿದ್ದ ಕಾಫಿಗೆ ಏನೆನ್ನಬೇಕು? ಅದಕ್ಕಾಗಿ "ಎಫ್.ಎ.ಕ್ಯೂ. ಪ್ಲಸ್" ಎಂದೊಂದು ಮಾತು ಹುಟ್ಟಿಕೊಂಡಿತು. ಮನೆಯಲ್ಲಿ ಜಾಗ ಸಾಲದೆ ಜಗಲಿಗೊಂದು ಮರೆ ಕಟ್ಟಿಕೊಂಡ ಹಾಗೆ! ನಗಬೇಕಾಗಿಲ್ಲ, ಆ "ಪ್ಲಸ್" ಬಹಳ ಪ್ರಾಮಾಣಿಕವಾದ ಚಿಹ್ನೆ. "ಇದಕ್ಕಿಂತ ಮೇಲಿದೆ, ಆದರೆ ಎಷ್ಟು ಮೇಲೆಂದು ನನ್ನ ನಾಲಿಗೆ ಹೇಳಲಾರದು" ಎಂಬ ವಿನಯ ಅದರಲ್ಲಿದೆ.

ಪಂಡಿತರೂ ಕೊನೆಗೆ ಈ ದಾರಿಗೇ ಬಂದರು. ಅಮೆರಿಕದ ಬರ್ಕ್ಲಿಯಲ್ಲಿದ್ದ ಲುತ್ಫಿ ಜಾದೆ ೧೯೬೫ರಲ್ಲಿ "ಫಜಿ" ಗಣಗಳೆಂಬ ಹೊಸ ಗಣಿತವನ್ನು ಮಂಡಿಸಿದ. "ಎತ್ತರದ ಮನುಷ್ಯ" ಎಂಬ ಗುಂಪಿಗೆ ಇಂಥ ಅಂಗುಲದಲ್ಲಿ ಬಾಗಿಲು, ಅದರ ಕೆಳಗಿನವನು ಹೊರಗೆ ಎನ್ನುವುದು ಲೋಕಕ್ಕೆ ಒಪ್ಪುವುದಿಲ್ಲ. ಒಬ್ಬನು ಆ ಗುಂಪಿಗೆ ಅರ್ಧ ಸೇರಿದವನು, ಇನ್ನೊಬ್ಬನು ಮುಕ್ಕಾಲು ಸೇರಿದವನು ಎಂದು ಹೇಳುವುದಕ್ಕೆ ಎಡೆಯಿರಬೇಕು ಎಂಬುದು ಅವನ ವಾದ. ೧೯೭೫ರಲ್ಲಿ ಅವನೇ, ಅಂಕಿಯ ಬದಲು ಮಾತನ್ನೇ ಬೆಲೆಯಾಗಿ ತಾಳುವ ಪರಿಮಾಣಗಳನ್ನು ಕುರಿತು ಬರೆದ. ೨೦೦೦ದಲ್ಲಿ ಸ್ಪೇನಿನ ಹೆರೆರಾ ಮತ್ತು ಮಾರ್ತಿನೆಸ್ ಎಂಬ ವಿದ್ವಾಂಸರು ಹಲವರ ಮಾತುಗಳನ್ನು ಕೂಡಿಸುವುದಕ್ಕೆ ಒಂದು ಕ್ರಮ ಹೇಳಿದರು: ಉತ್ತರವನ್ನು ಒಂದು ಮಾತು, ಮತ್ತು ಆ ಮಾತಿನಿಂದ ಎಷ್ಟು ಹೆಚ್ಚು ಅಥವಾ ಕಡಮೆ ಎಂಬ ಒಂದು ಚಿಲ್ಲರೆ, ಹೀಗೆ ಜೋಡಿಯಾಗಿ ಹೇಳಬೇಕು. ನಮ್ಮ ಪರೀಕ್ಷಕರ "ಪ್ಲಸ್" ವಿದ್ವತ್ಪತ್ರಿಕೆಯ ಅಂಗಿ ತೊಟ್ಟು ಬಂದಂತಾಯಿತು.

ಆದ್ದರಿಂದ ಮಸುಕು ಮಾತನ್ನು ಕೀಳೆಂದು ತಿಳಿಯಬಾರದು. ನಾಲಿಗೆಗೆ ಎಷ್ಟು ತಿಳಿದಿದೆಯೋ ಅಷ್ಟನ್ನೇ ಹೇಳುವ ಮಾತು ಸತ್ಯವಾದ ಮಾತು. "ಈ ಕಾಫಿ ಚೆನ್ನಾಗಿದೆ" ಎನ್ನುವವನಿಗಿಂತ "ಈ ಕಾಫಿ ೮೩.೨೫" ಎನ್ನುವವನು ಹೆಚ್ಚು ತಿಳಿದವನೆಂದು ನಮಗೆ ತೋರುತ್ತದೆ; ಆದರೆ ಅವನು ತಿಳಿದದ್ದಕ್ಕಿಂತ ಹೆಚ್ಚು ಹೇಳುತ್ತಿರಬಹುದು. ಕಸಬಿನ ಅಂಕಪದ್ಧತಿಯನ್ನೇ ನೋಡಿ. ಅಮೆರಿಕದ ಸ್ಪೆಷಾಲ್ಟಿ ಕಾಫಿ ಸಂಘದವರು ರೂಢಿಗೆ ತಂದ ನೂರು ಅಂಕದ ಪತ್ರದಲ್ಲಿ ಪರಿಮಳ, ರುಚಿ, ಹುಳಿ, ಮೈ ಮುಂತಾದ ಹತ್ತು ಲಕ್ಷಣಗಳು. ಆರು ಎಂದರೆ ಚೆನ್ನಾಗಿದೆ, ಏಳು ಎಂದರೆ ಬಹಳ ಚೆನ್ನಾಗಿದೆ, ಎಂಟು ಎಂದರೆ ಉತ್ತಮ, ಒಂಬತ್ತು ಎಂದರೆ ಅಸಾಧಾರಣ. ಒಂದೊಂದು ಮೆಟ್ಟಿಲನ್ನೂ ಕಾಲು ಕಾಲಾಗಿ ಸೀಳುತ್ತಾರೆ. ಮೊತ್ತ ಎಂಬತ್ತಕ್ಕೆ ಮುಟ್ಟಿದರೆ ಆ ಕಾಫಿಗೆ "ಸ್ಪೆಷಾಲ್ಟಿ" ಎಂಬ ಹೆಸರು, ೭೯.೭೫ಕ್ಕೆ ನಿಂತರೆ ಹೆಸರಿಲ್ಲ. ಅಂಕಿಯ ಬುಡದಲ್ಲಿ ಇದ್ದದ್ದು ಮಾತೇ. ಆದರೆ ಮಾತು ಅಂಕಿಯ ವೇಷ ಹಾಕಿದ ಮೇಲೆ ಅದನ್ನು ಪ್ರಶ್ನಿಸುವವರಿಲ್ಲ.

ಆ ಕಾಲು ಅಂಕದಿಂದ ಯಾರಿಗೆ ಏನು? ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ೧೦ ಹೆಕ್ಟೇರಿಗೆ ಒಳಗಿನವು. ಸಣ್ಣ ಬೆಳೆಗಾರನು ಊರ ಪೇಟೆಯಲ್ಲಿ ಮೂಟೆ ಇಳಿಸಿದರೆ ಅಲ್ಲಿ ನೋಡುವುದು ತೇವ, ತೂಕ, ಔಟ್‌ಟರ್ನ್. ರುಚಿಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಹಣ್ಣನ್ನು ಆರಿಸಿ ಆರಿಸಿ ಬಿಡಿಸಿದ್ದಕ್ಕೆ, ಕಣದಲ್ಲಿ ಕಣ್ಣಿಟ್ಟು ಒಣಗಿಸಿದ್ದಕ್ಕೆ ಬೆಲೆ ಸಿಗಬೇಕಾದರೆ ಅವನ ಕಾಫಿ ಯಾವುದಾದರೊಂದು ಮೇಜಿನ ಮೇಲೆ ಹೋಗಿ, ನಾಲ್ಕು ಜನರಿಂದ ಹೆಸರು ಪಡೆದುಕೊಂಡು ಬರಬೇಕು. ೨೦೦೨ರಿಂದ ಕಾಫಿ ಮಂಡಳಿ ಏರ್ಪಡಿಸುತ್ತ ಬಂದಿರುವ "ಫ್ಲೇವರ್ ಆಫ್ ಇಂಡಿಯಾ" ಸ್ಪರ್ಧೆಯಂಥವು ಅದಕ್ಕೆ ದಾರಿ. ಮೇಜಿನ ಸುತ್ತ ಕೂತವರಿಗೆ ಅದು ಒಂದು ಬೆಳಗಿನ ಕೆಲಸ. ಮಾದರಿ ಕಳಿಸಿದವನಿಗೆ ಇಡೀ ವರ್ಷದ ಬೆವರು. ನಮ್ಮ ಪ್ರಶ್ನೆಯ ಭಾರ ಇರುವುದು ಇಲ್ಲಿ.

ಮೊದಲನೆಯ ತೊಡಕು ಮಾತಿನದೇ. ಒಂದು ಮಾತು ಎಲ್ಲರ ಬಾಯಲ್ಲೂ ಒಂದೇ ತೂಕದ್ದಲ್ಲ. ಮಲೆನಾಡಿನ ಹಿರಿಯರು "ಅಡ್ಡಿಯಿಲ್ಲ" ಎಂದರೆ ಅದು ಕೆಲವೊಮ್ಮೆ ದೊಡ್ಡ ಹೊಗಳಿಕೆ. ಅದೇ ಮಾತು ಇನ್ನೊಬ್ಬರ ಬಾಯಲ್ಲಿ ನಯವಾದ ನಿರಾಕರಣೆ. ಎಲ್ಲಕ್ಕೂ "ಬಹಳ ಚೆನ್ನಾಗಿದೆ" ಎನ್ನುವ ಉದಾರಿಗಳುಂಟು. ಯಾವುದಕ್ಕೂ "ಚೆನ್ನಾಗಿದೆ" ಎನ್ನದ ಬಿಗಿ ಮನುಷ್ಯರುಂಟು. ಉದಾರಿಯ ಮುಂದೆ ಒಂದು ಕಾಫಿ, ಬಿಗಿಯವನ ಮುಂದೆ ಇನ್ನೊಂದು ಕಾಫಿ ಇಟ್ಟು, ಅವರ ಮಾತುಗಳನ್ನು ಹೋಲಿಸಿದರೆ ನಾವು ಅಳೆದದ್ದು ಕಾಫಿಯನ್ನಲ್ಲ, ಪರೀಕ್ಷಕರ ಸ್ವಭಾವವನ್ನು. ಆದ್ದರಿಂದ ಎಲ್ಲರೂ ಎಲ್ಲವನ್ನೂ ಸವಿಯಬೇಕು. ಅದಕ್ಕೂ ಮೊದಲು, ಯಾರದೂ ಅಲ್ಲದ ಕೆಲವು ಬಟ್ಟಲುಗಳನ್ನು ಕೂಡಿ ಸವಿದು, "ನಾವು ಇವತ್ತು ಪರವಾಗಿಲ್ಲ ಎಂದರೆ ಇಂಥದು" ಎಂದು ಒಪ್ಪಿಕೊಳ್ಳಬೇಕು. ಸಂತೆಗೆ ಹೋಗುವ ಮೊದಲು ಸೇರಿಗೆ ಮುದ್ರೆ ಒತ್ತಿಸಿಕೊಳ್ಳುವ ಹಾಗೆ. ಮಾತು ಮಸುಕಾಗಿರಬಹುದು, ಆದರೆ ಎಲ್ಲರಿಗೂ ಒಂದೇ ಮಸುಕಾಗಿರಬೇಕು.

ಎರಡನೆಯ ತೊಡಕು ಲೆಕ್ಕದ್ದು, ಅದು ಹೆಚ್ಚು ನಯವಂಚಕ. ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಐದು ಜನ ಪಂಚರು. ಒಪ್ಪಿಕೊಂಡ ಮಾತುಗಳು ಐದು: ಬೇಡ, ಸುಮಾರು, ಪರವಾಗಿಲ್ಲ, ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಕಳಸದ ಕಡೆಯ ಒಂದು ತೋಟದ ಕಾಫಿಗೆ ಇಬ್ಬರು "ಬಹಳ ಚೆನ್ನಾಗಿದೆ" ಎಂದರು, ಮೂವರು "ಸುಮಾರು" ಎಂದರು. ಮೂಡಿಗೆರೆ ಕಡೆಯ ಒಂದು ತೋಟದ ಕಾಫಿಗೆ ಐವರೂ "ಪರವಾಗಿಲ್ಲ" ಎಂದರು. ಈಗ ಗುಮಾಸ್ತ ಬಂದು ಮಾತುಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು ಕೂಡಿಸುತ್ತಾನೆ. ಕಳಸದ್ದು ಹದಿನಾರು, ಮೂಡಿಗೆರೆಯದು ಹದಿನೈದು, ಕಳಸ ಗೆದ್ದಿತು. ಇನ್ನೊಬ್ಬ ಗುಮಾಸ್ತನಿಗೆ "ಸುಮಾರು" ಎಂಬುದಕ್ಕೂ "ಪರವಾಗಿಲ್ಲ" ಎಂಬುದಕ್ಕೂ ಇರುವ ಅಂತರ ದೊಡ್ಡದೆಂದು ತೋರಿತು. ಅವನು ಸೊನ್ನೆ, ಒಂದು, ಮೂರು, ನಾಲ್ಕು, ಐದು ಎಂದು ಅಂಕ ಕೊಟ್ಟ. ಕಳಸದ್ದು ಹದಿಮೂರು, ಮೂಡಿಗೆರೆಯದು ಹದಿನೈದು, ಮೂಡಿಗೆರೆ ಗೆದ್ದಿತು.

ಪಂಚರು ಒಂದು ಮಾತನ್ನೂ ಬದಲಾಯಿಸಲಿಲ್ಲ. ಕಾಫಿ ಬದಲಾಗಲಿಲ್ಲ. ಮೊದಲನೆಯದು ಕೊನೆಯಾಯಿತು, ಕೊನೆಯದು ಮೊದಲಾಯಿತು. ತೀರ್ಪು ಕೊಟ್ಟವರು ಪಂಚರಲ್ಲ, ಗುಮಾಸ್ತ; ಅವನಿಗೆ ಆ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ. ಹೆಚ್ಚಿನ ಸಭೆಗಳಲ್ಲಿ ನಡೆಯುವ ಅನ್ಯಾಯ ಇಂಥದು. ದುರುದ್ದೇಶ ಯಾರಿಗೂ ಇರುವುದಿಲ್ಲ. ಮಾತು ಅಂಕಿಯಾಗುವ ಆ ಒಂದು ಕ್ಷಣವನ್ನು ಯಾರೂ ಗಮನಿಸುವುದಿಲ್ಲ, ಅಷ್ಟೆ. ಮಾತುಗಳ ನಡುವೆ ಮೇಲು ಕೆಳಗೆಂಬ ಕ್ರಮ ಉಂಟು. ಎಷ್ಟು ಮೇಲು ಎಂಬ ಅಳತೆ ಅವುಗಳೊಳಗೆ ಇಲ್ಲ. ಇಲ್ಲದ್ದನ್ನು ತುಂಬಿ, ತುಂಬಿದ್ದನ್ನು ಕೂಡಿಸಿ, ಬಂದ ಮೊತ್ತವನ್ನು ಪಂಚರ ಬಾಯಿಗೆ ಹಾಕುವುದು ಸುಳ್ಳು ಸಾಕ್ಷಿಗೆ ಸಮಾನ.

ಇಂಥ ಅಳತೆಗಾಗಿ ಒಂದು ಜಿಲ್ಲೆಯೇ ಎದ್ದು ನಿಂತದ್ದುಂಟು. ಹಿಂದೆ ಬೆಳೆಯನ್ನು ಆಣೆಯಲ್ಲಿ ಅಂದಾಜು ಮಾಡುತ್ತಿದ್ದರು. ತುಂಬು ಬೆಳೆ ಎಂದರೆ ಹದಿನಾರಾಣೆ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ೧೯೧೮ರಲ್ಲಿ ಬೆಳೆ ಕೆಟ್ಟಾಗ, ನಾಲ್ಕಾಣೆ ಅಥವಾ ಅದಕ್ಕಿಂತ ಕಡಮೆ ಬೆಳೆಯಾಗಿದ್ದರೆ ಆ ವರ್ಷದ ಕಂದಾಯವನ್ನು ತಡೆಹಿಡಿಯಬೇಕೆಂಬ ನಿಯಮವಿತ್ತು. ರೈತರು ನಾಲ್ಕಾಣೆಗಿಂತ ಕಡಮೆ ಎಂದರು. ಅಧಿಕಾರಿಗಳು ಹೆಚ್ಚು ಎಂದರು. ಹೊಲ ಒಂದೇ, ತೆನೆ ಒಂದೇ, ಕಣ್ಣು ಎರಡು. ಪಂಚಾಯಿತಿಯ ಮೂಲಕ ತೀರ್ಮಾನವಾಗಲಿ ಎಂಬ ಜನರ ಬೇಡಿಕೆಯನ್ನು ಸರ್ಕಾರ ಕೇಳಲಿಲ್ಲ. ಗಾಂಧೀಜಿ ಮತ್ತು ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ಸತ್ಯಾಗ್ರಹ ನಡೆದು, ಕೊನೆಗೆ ಶಕ್ತರು ಕಂದಾಯ ಕೊಡತಕ್ಕದ್ದು, ಬಡವರಿಗೆ ತಡೆ ಎಂದು ಒಪ್ಪಂದವಾಯಿತು. ಆಣೆಯ ಅಂದಾಜು ಮಸುಕಾಗಿದ್ದುದು ಅಲ್ಲಿ ಅನ್ಯಾಯವಾಗಿರಲಿಲ್ಲ. ಅಂದಾಜು ಮಾಡುವವರ ಪಂಕ್ತಿಯಲ್ಲಿ, ಅದರ ಫಲವನ್ನು ಉಣ್ಣಬೇಕಾದವನಿಗೆ ಎಲೆ ಹಾಕದೆ ಇದ್ದುದು ಅನ್ಯಾಯವಾಗಿತ್ತು.

ಹಾಗಾದರೆ ಅಂಕಿಯನ್ನು ಬಿಟ್ಟು ಮಾತುಗಳಿಂದಲೇ ತೀರ್ಪು ಹೊರಡಿಸಲು ಸಾಧ್ಯವೆ? ಸಾಧ್ಯ. ಐದು ಮಾತುಗಳನ್ನು ಮೇಲಿಂದ ಕೆಳಗೆ ಸಾಲಾಗಿ ನಿಲ್ಲಿಸಿ, ನಡುವಿನದನ್ನು ಎತ್ತಿಕೊಳ್ಳಬಹುದು. ಕಳಸದ ಕಾಫಿಯ ಸಾಲಿನಲ್ಲಿ ನಡುವೆ ನಿಂತದ್ದು "ಸುಮಾರು", ಮೂಡಿಗೆರೆಯದರಲ್ಲಿ "ಪರವಾಗಿಲ್ಲ." ಕೂಡಿಸುವುದಿಲ್ಲ, ಭಾಗಿಸುವುದಿಲ್ಲ, ಗುಮಾಸ್ತನ ಕೈವಾಡಕ್ಕೆ ಎಡೆಯಿಲ್ಲ. ಫ್ರಾನ್ಸಿನಲ್ಲಿ ಬಾಲಿನ್ಸ್ಕಿ ಮತ್ತು ಲರಾಕಿ ಎಂಬಿಬ್ಬರು ಇದನ್ನೇ ಶಾಸ್ತ್ರವಾಗಿ ಬೆಳಸಿದರು. ದ್ರಾಕ್ಷಾರಸದ ರುಚಿ ನೋಡುವವರ ಪದ್ಧತಿಗಳನ್ನೂ ಅವರು ಅಭ್ಯಾಸ ಮಾಡಿದ್ದರು. ೨೦೦೭ರ ಫ್ರೆಂಚ್ ಅಧ್ಯಕ್ಷ ಚುನಾವಣೆಯ ದಿನ ಓರ್ಸೇ ಊರಿನಲ್ಲಿ ಮತದಾರರ ಕೈಗೆ ಇನ್ನೊಂದು ಚೀಟಿ ಕೊಟ್ಟು, ಒಬ್ಬೊಬ್ಬ ಅಭ್ಯರ್ಥಿಗೂ "ಅತ್ಯುತ್ತಮ"ದಿಂದ "ತಿರಸ್ಕಾರ"ದವರೆಗೆ ಒಂದೊಂದು ಮಾತು ಬರೆಯಿಸಿ ಪ್ರಯೋಗವನ್ನೂ ಮಾಡಿದರು.

ಈ ಕ್ರಮಕ್ಕೆ ಇನ್ನೊಂದು ಗುಣವುಂಟು. ಸರಾಸರಿ ತೆಗೆಯುವ ಕಡೆ ಗಟ್ಟಿಯಾಗಿ ಕೂಗಿದವನಿಗೆ ಲಾಭ. ತನಗೆ ಬೇಕಾದ ತೋಟದ ಕಾಫಿಗೆ ಮನಸ್ಸಿನಲ್ಲಿ "ಚೆನ್ನಾಗಿದೆ" ಎಂದಿದ್ದರೂ "ಬಹಳ ಚೆನ್ನಾಗಿದೆ" ಎಂದು ಬರೆದು, ಎದುರಿನದಕ್ಕೆ "ಬೇಡ" ಎಂದು ಗೀಚಿದರೆ ಒಬ್ಬನೇ ತಕ್ಕಡಿಯನ್ನು ವಾಲಿಸಬಲ್ಲ. ನಡುವಣ ಮಾತನ್ನು ಎತ್ತಿಕೊಳ್ಳುವ ಕಡೆ ಅವನ ಕೂಗಿಗೆ ಬಲವಿಲ್ಲ. ನಡುವಿಗಿಂತ ಮೇಲಿದ್ದವನು ಇನ್ನೂ ಮೇಲೆ ಹತ್ತಿದರೆ ನಡು ಕದಲುವುದಿಲ್ಲ. ಸತ್ಯ ಹೇಳಿದವನಿಗೆ ನಷ್ಟವಿಲ್ಲದ, ಉತ್ಪ್ರೇಕ್ಷೆ ಮಾಡಿದವನಿಗೆ ಲಾಭವಿಲ್ಲದ ಏರ್ಪಾಟು ನೀತಿಯ ದೃಷ್ಟಿಯಿಂದ ಸಣ್ಣದಲ್ಲ.

ಆದರೆ ಇಲ್ಲಿಗೆ ಕಥೆ ಮುಗಿಯಿತೆಂದುಕೊಂಡರೆ ಆ ಇಬ್ಬರಿಗೆ, "ಬಹಳ ಚೆನ್ನಾಗಿದೆ" ಎಂದ ಇಬ್ಬರಿಗೆ, ಅನ್ಯಾಯ ಮಾಡಿದಂತಾಗುತ್ತದೆ. ಅವರು ಆ ಬಟ್ಟಲಿನಲ್ಲಿ ಏನನ್ನು ಕಂಡರು? ನಡುವಣ ಮಾತು ಅದನ್ನು ಕೇಳುವುದೇ ಇಲ್ಲ. ಮಂಗಳೂರಿನ ಉಗ್ರಾಣಗಳಲ್ಲಿ ಮಳೆಗಾಲದ ಗಾಳಿಗೆ ಒಡ್ಡಿ ಉಬ್ಬಿಸಿ ಬಿಳಿಚಿಸುವ "ಮಾನ್ಸೂನ್ಡ್ ಮಲಬಾರ್" ಕಾಫಿಯನ್ನು ನೆನೆಯಿರಿ. ಹುಳಿಯೆಲ್ಲ ಇಂಗಿ ಹೋಗಿ, ಮಣ್ಣಿನ ವಾಸನೆ ಕೂಡಿಕೊಂಡ ಅದು ಕೆಲವರಿಗೆ ಮುಗ್ಗಲು. ಯೂರೋಪಿನ ಕೆಲವು ದೇಶಗಳಲ್ಲಿ ಅದನ್ನೇ ಬೇಡಿ ತರಿಸಿಕೊಂಡು ಕುಡಿದರು. ಹಾಯಿ ಹಡಗಿನ ದೀರ್ಘ ಪ್ರಯಾಣದಲ್ಲಿ ತಾನಾಗಿ ಹತ್ತುತ್ತಿದ್ದ ಗುಣ ಉಗಿಹಡಗು ಬಂದ ಮೇಲೆ ಇಲ್ಲವಾಯಿತು. ಹಳೆಯ ರುಚಿಗೆ ಒಗ್ಗಿದವರಿಗಾಗಿ ಅದನ್ನು ಮತ್ತೆ ಹೀಗೆ ದಡದಲ್ಲೇ ಮಾಡಿಕೊಟ್ಟರು. ಐವರಲ್ಲಿ ಮೂವರು ಮೂಗು ಮುರಿಯುವ ವಸ್ತು ಮಿಕ್ಕ ಇಬ್ಬರ ಪ್ರಾಣವಾಗಿರಬಹುದು.

ಆದ್ದರಿಂದ ಪಂಚರು ಮೊದಲು ಕೇಳಿಕೊಳ್ಳಬೇಕಾದದ್ದು "ಯಾವುದು ಮೇಲು?" ಎಂದಲ್ಲ, "ಯಾವುದಕ್ಕೆ ಮೇಲು?" ಎಂದು. ಸಾವಿರ ಜನ ದಿನವೂ ಕುಡಿಯುವ ಹೋಟೆಲಿನ ಕಾಫಿಯನ್ನು ಆರಿಸುವಾಗ ಯಾರೂ ಮುಖ ಸಿಂಡರಿಸದ "ಪರವಾಗಿಲ್ಲ" ದೊಡ್ಡ ಗುಣ. ಹರಾಜಿನಲ್ಲಿ ಒಬ್ಬನೇ ಒಬ್ಬ ರಸಿಕನನ್ನು ಹುಡುಕುವಾಗ ಇಬ್ಬರ ಹುಚ್ಚು ಐವರ ಒಪ್ಪಿಗೆಗಿಂತ ಬೆಲೆಯುಳ್ಳದ್ದು. ಅಮೆರಿಕದ ಸಂಘದ ವಾರಸುದಾರರೂ ಇದನ್ನು ಮನಗಂಡಂತಿದೆ. ಅವರು ೨೦೨೩ರಲ್ಲಿ ಹೊರತಂದ ಹೊಸ ಪದ್ಧತಿಯಲ್ಲಿ "ಬಟ್ಟಲಿನಲ್ಲಿ ಏನಿದೆ" ಎಂಬ ವರ್ಣನೆ ಬೇರೆ, "ನನಗೆ ಎಷ್ಟು ಹಿಡಿಸಿತು" ಎಂಬುದು ಬೇರೆ. ಇವೆರಡನ್ನೂ ಒಂದೇ ಮಾತಿನಲ್ಲಿ ನುಂಗಿಸುವುದರಿಂದಲೇ ಅರ್ಧ ಜಗಳಗಳು ಹುಟ್ಟುತ್ತವೆ.

ಕೆಲವರು ಕೇಳಬಹುದು: ಇಷ್ಟೆಲ್ಲ ತಾಪತ್ರಯವೇಕೆ, ಮೇಲು ಕೆಳಗೆಂಬ ಸಾಲನ್ನೇ ಬಿಟ್ಟುಬಿಟ್ಟರಾಗದೆ? ಹೆಚ್ಚು ಕಡಮೆ ಅದನ್ನೂ ನಮ್ಮ ನಾಡು ನೋಡಿದೆ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿಹೋದಾಗ ಬೆಳೆಗಾರರ ರಕ್ಷಣೆಗೆಂದು ಸರ್ಕಾರ ಕಾಫಿಯನ್ನೆಲ್ಲ ಒಂದೆಡೆ ಸೇರಿಸಿ ಮಾರುವ ವ್ಯವಸ್ಥೆ ಮಾಡಿತು; ೧೯೪೨ರ ಕಾಫಿ ಕಾನೂನಿನಿಂದ ಅದು ನೆಲೆಗೊಂಡಿತು. ಬೆಳೆದವನು ತನ್ನ ಕಾಫಿಯನ್ನು "ಪೂಲ್"ಗೆ ಒಪ್ಪಿಸಬೇಕು. ಜಾತಿ ಮತ್ತು ದರ್ಜೆಗೆ ತಕ್ಕಂತೆ ಅಂಕ, ಅಂಕಕ್ಕೆ ತಕ್ಕಂತೆ ಕಂತು ಕಂತಾಗಿ ಹಣ. ಗಿರಿಯ ಕಾಫಿಯೂ ತಗ್ಗಿನ ಕಾಫಿಯೂ ಒಂದೇ ದರ್ಜೆಗೆ ಬಿದ್ದರೆ ಒಂದೇ ರಾಶಿ. ತೋಟದ ಹೆಸರು ಆ ರಾಶಿಯಲ್ಲಿ ಕರಗಿತು. ಆ ಏರ್ಪಾಟು ಬಡ ಬೆಳೆಗಾರನನ್ನು ಬಿರುಗಾಳಿಯಿಂದ ಕಾಪಾಡಿತೆಂಬುದೂ ಸತ್ಯ, ಚೆನ್ನಾಗಿ ಬೆಳೆಯುವವನ ಉತ್ಸಾಹಕ್ಕೆ ನೀರೆರಚಿತೆಂಬುದೂ ಸತ್ಯ. ೧೯೯೦ರ ದಶಕದಲ್ಲಿ ಕಟ್ಟು ಹಂತಹಂತವಾಗಿ ಸಡಿಲಿ, ೧೯೯೬ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ವ್ಯತ್ಯಾಸವನ್ನು ಕಾಣದೆ ಇರುವುದೂ ಒಂದು ತೀರ್ಪು. ಅದಕ್ಕೂ ಒಬ್ಬರು ಬೆಲೆ ತೆರುತ್ತಾರೆ.

ಇಲ್ಲಿ ಕಳಸದ ಹಳೆಯ ಚರಿತ್ರೆ ನೆನಪಿಗೆ ಬರುತ್ತದೆ. ಕಳಸ ಮತ್ತು ಕಾರ್ಕಳಗಳನ್ನು ಆಳಿದ ಭೈರರಸರು ಜೈನರು. ೧೪೩೨ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಆ ವಂಶದವನು. ಜೈನ ತಾರ್ಕಿಕರು ಯಾವ ವಸ್ತುವನ್ನು ಕುರಿತೂ ಏಳು ಬಗೆಯಾಗಿ ನುಡಿಯಬಹುದೆಂದು ಸ್ಯಾದ್ವಾದದಲ್ಲಿ ತೋರಿಸಿದರು. "ಸ್ಯಾತ್" ಎಂದರೆ "ಇದ್ದರೂ ಇರಬಹುದು" ಎಂಬ ಅನುಮಾನವಲ್ಲ, "ಒಂದು ನೆಲೆಯಿಂದ ನೋಡಿದರೆ" ಎಂಬ ಖಚಿತವಾದ ಮಿತಿ. ಒಂದು ನೆಲೆಯಿಂದ ಉಂಟು, ಒಂದು ನೆಲೆಯಿಂದ ಇಲ್ಲ. ಇನ್ನೊಂದು ನೆಲೆಯಿಂದ ಅದು ಅವಕ್ತವ್ಯ, ನುಡಿಗೆ ಸಿಗದ್ದು. ನಮ್ಮ ತೀರ್ಪಿನ ಪತ್ರಗಳಲ್ಲಿ ಇಲ್ಲದ ಕೋಣೆ ಈ ಮೂರನೆಯದು. ಎರಡು ಬಟ್ಟಲುಗಳನ್ನು ಮತ್ತೆ ಮತ್ತೆ ಸವಿದು, "ಇವೆರಡೂ ಬೇರೆ, ಆದರೆ ಯಾವುದು ಮೇಲೆಂದು ಹೇಳಲಾರೆ" ಎನ್ನುವ ಪರೀಕ್ಷಕನಿಗೆ ಪತ್ರದಲ್ಲಿ ಜಾಗವಿಲ್ಲ. ಜಾಗವಿಲ್ಲದ ಕಾರಣ ಅವನು ಏನೋ ಒಂದನ್ನು ಬರೆಯುತ್ತಾನೆ. ಹಾಗೆ ಬರೆದದ್ದು ಕೂಡುವ ಲೆಕ್ಕದಲ್ಲಿ ಸೇರಿ, ಯಾರದೋ ತೋಟವನ್ನು ಮೂರರಿಂದ ಏಳಕ್ಕೆ ತಳ್ಳುತ್ತದೆ.

"ಆದರೆ ಬಹುಮಾನ ಒಂದೇ ಇರುವಾಗ, ಕೆಲಸ ಒಂದೇ ಖಾಲಿಯಿರುವಾಗ, ಯಾರನ್ನಾದರೂ ಮೊದಲು ಮಾಡಲೇಬೇಕಲ್ಲ?" ಎಂಬ ಆಕ್ಷೇಪ ನ್ಯಾಯವಾದದ್ದೆ. ಮಾತುಗಳು ಸಮವಾಗಿ ನಿಂತ ಕಡೆ ಚೀಟಿ ಎತ್ತಬಹುದು, ಬಹುಮಾನವನ್ನು ಹಂಚಬಹುದು, ಹೆಚ್ಚು ಅಗತ್ಯವಿರುವವನಿಗೆ ಕೊಡಬಹುದು. ಯಾವುದನ್ನು ಮಾಡಿದರೂ ಹೇಳಿ ಮಾಡಬೇಕು. "ಇವರಿಬ್ಬರೂ ನಮ್ಮ ನಾಲಿಗೆಗೆ ಸಮ, ಚೀಟಿಯಲ್ಲಿ ಇವರ ಹೆಸರು ಬಂತು" ಎಂದು ಕೇಳಿದ ಬೆಳೆಗಾರ ದುಃಖಪಟ್ಟಾನು, ಆದರೆ ತನ್ನ ಕಾಫಿ ಕೀಳೆಂದು ತಿಳಿದು ಮನೆಗೆ ಹೋಗುವುದಿಲ್ಲ. "ನಿಮ್ಮದು ಕಾಲು ಅಂಕ ಕಡಮೆ" ಎಂದು ಕೇಳಿದವನು ತಿದ್ದಿಕೊಳ್ಳಲಾಗದ ಒಂದು ಕುಂದನ್ನು ಹೊತ್ತುಕೊಂಡು ಹೋಗುತ್ತಾನೆ. ಅದು ಅವನ ಕಾಫಿಯಲ್ಲಿ ಇದ್ದಿರಲಿಕ್ಕಿಲ್ಲ.

ಒಟ್ಟಿನಲ್ಲಿ ಹೇಳಬೇಕಾದದ್ದು ಇಷ್ಟೆ. ಹಲವರು ಕೂಡಿ ಗುಣವನ್ನು ತೂಗುವಾಗ ಮಾತು ಮಸುಕಾಗಿರುವುದು ದೋಷವಲ್ಲ. ಆ ಮಸುಕನ್ನು ಮರೆಮಾಚುವುದು ದೋಷ. ಮಾತಿನ ಅರ್ಥವನ್ನು ವಸ್ತುವನ್ನು ನೋಡುವುದಕ್ಕೆ ಮೊದಲೇ ಒಪ್ಪಿಕೊಳ್ಳುವುದು, ಯಾವುದಕ್ಕಾಗಿ ಆರಿಸುತ್ತಿದ್ದೇವೆಂದು ತಿಳಿದಿರುವುದು, ಹೇಳಲಾರೆ ಎನ್ನುವವನಿಗೆ ಹಾಗೆನ್ನಲು ಎಡೆ ಕೊಡುವುದು, ಹಾಕಿದ್ದಕ್ಕಿಂತ ಹೆಚ್ಚನ್ನು ಲೆಕ್ಕದಿಂದ ತೆಗೆಯದೆ ಇರುವುದು ಇವು ಪಂಚರ ಧರ್ಮ. ಕಾಫಿಯ ಮೇಜಿಗೆ ಸಲ್ಲುವ ಈ ಮಾತು ಶಾಲೆಯ ಪರೀಕ್ಷೆಗೆ, ನೌಕರಿಯ ಸಂದರ್ಶನಕ್ಕೆ, ಸಾಹಿತ್ಯದ ಬಹುಮಾನಕ್ಕೆ, ಮನೆಯಲ್ಲಿ ಸೊಸೆಯರ ಅಡಿಗೆಯನ್ನು ಹೋಲಿಸುವ ಅತ್ತೆಯವರಿಗೂ ಸಲ್ಲುತ್ತದೆ.

"ಪರವಾಗಿಲ್ಲ" ಎಂಬುದು ಬಹಳ ವಿನಯದ ಮಾತು. ತಾನು ಎಷ್ಟು ಬಲ್ಲೆನೆಂಬುದನ್ನು ಅದು ಬಲ್ಲದು. ಅದನ್ನು ಸೀಳಿ ದಶಾಂಶ ಮಾಡಿ ಒಬ್ಬನ ತಲೆಯ ಮೇಲೆ ಇನ್ನೊಬ್ಬನನ್ನು ನಿಲ್ಲಿಸುವ ಮೊದಲು, ಆ ಮಾತು ಅಷ್ಟು ಭಾರವನ್ನು ತಡೆದೀತೆ ಎಂದು ಒಂದು ಗಳಿಗೆ ಯೋಚಿಸಬೇಕು.